ಬಸವನಗುಡಿಯ ಹಳೆಯ ಮನೆಯ ಚರಿತ್ರೆಯನ್ನು ಹುಡುಕುವ ಬಗೆ

1898ರ ಪ್ಲೇಗ್ ಬೆಂಗಳೂರು ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಕಾಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ರಸ್ತೆಗಳ ಬಡಾವಣೆಗಳಾಗಿ ಬೆಳೆದವು. ಇಲ್ಲಿನ ಮನೆಗಳ ಕಾಲವನ್ನು ಸಾಮಾನ್ಯವಾಗಿ ಅಲ್ಲಿಂದೀಚೆಗೆ ಹುಡುಕಬೇಕು.

ಮೊದಲು ಮನೆಯವರ ಟ್ರಂಕಿನಲ್ಲಿರುವ ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿಗಳನ್ನು ವರ್ಷವಾರು ಜೋಡಿಸಿಕೊಳ್ಳಿ. ಕ್ರಯಪತ್ರದ ಚೆಕ್ಕುಬಂದಿಯನ್ನು, ಅಂದರೆ ನಿವೇಶನದ ನಾಲ್ಕು ದಿಕ್ಕಿನ ಎಲ್ಲೆಗಳ ವಿವರವನ್ನು, ತಪ್ಪದೆ ಓದಿ: ಮನೆಯ ನಂಬರು ಬದಲಾಗಿರಬಹುದು, ಆದರೆ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಎಂಬ ವಿವರವೇ ಎರಡು ಪತ್ರಗಳು ಒಂದೇ ನಿವೇಶನಕ್ಕೆ ಸೇರಿದವೇ ಎಂಬುದನ್ನು ತೋರಿಸಿಕೊಡುತ್ತದೆ. ನಡುವೆ ಕೊಂಡಿ ತಪ್ಪಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಋಣಭಾರ ಪತ್ರಕ್ಕೆ, ಅಂದರೆ ಆ ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿಗೆ, ಅರ್ಜಿ ಕೊಡಿ.

ಬಳಿಕ ಕಟ್ಟಡವನ್ನೇ ಓದಬೇಕು. ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸವಿದು. ಒಳಗೆ ನಿಂತು ತಲೆಯೆತ್ತಿದಾಗ ಮರದ ತೊಲೆಗಳ ಮೇಲೆ ಓರೆಯಾಗಿ ಜೋಡಿಸಿದ ಸಣ್ಣ ಇಟ್ಟಿಗೆಗಳು ಕಂಡರೆ ಅದು ಮದರಾಸು ತಾರಸಿ, ಕಾಂಕ್ರೀಟು ಮನೆಮಾತಾಗುವ ಮುಂಚಿನ ಪದ್ಧತಿ. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಶನ್ ಹೆಂಚಿನ ಮೇಲೆ ಕಾಣುವ 1865 ಎಂಬುದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಮನೆ ಕಟ್ಟಿದ ವರ್ಷವಲ್ಲ, ಅದನ್ನು ನಂಬಿ ಲೆಕ್ಕ ತಪ್ಪಬೇಡಿ.

ಮನೆಯ ಹಿರಿಯರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಯಾವ ಕೋಣೆ ಯಾರ ಮದುವೆಗೆ ಮುನ್ನ ಸೇರಿತೆಂದು ಕೇಳಿ ಬರೆದುಕೊಳ್ಳಿ. ಆ ಮದುವೆಯ ಲಗ್ನಪತ್ರಿಕೆ ಸಿಕ್ಕರೆ ತಾರೀಖೂ ಸಿಕ್ಕಂತಾಯಿತು.