ಗಿರಾಕಿಯ ಮನೆಯಲ್ಲಿ ಕೂರದೆ ಶೆಡ್ಡಿನಲ್ಲೇ ವಾರ್ಡ್‌ರೋಬ್ ಕಟ್ಟಿದ ನನ್ನ ಅನುಭವ

ಸಾಗರದ ಹೊರವಲಯದ ನನ್ನ ಶೆಡ್ಡಿನಲ್ಲಿ ಒಬ್ಬನೇ ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಕಪಾಟುಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಕಟ್ಟಿ, ಗಿರಾಕಿಯ ಮನೆಗೆ ಒಯ್ದು ಒಂದು ದಿನದಲ್ಲಿ ಕೂರಿಸಿ ಬರುವ ಕ್ರಮವನ್ನು ಆರಂಭಿಸಿ ಸುಮಾರು ಐದು ವರ್ಷಗಳಾದವು. ಆರಂಭದಲ್ಲಿ ಇದನ್ನು ಒಪ್ಪಿದವರು ಯಾರೂ ಇರಲಿಲ್ಲ. ನನಗೆ ಉಳಿ ಹಿಡಿಯಲು ಕಲಿಸಿದ ಹಿರಿಯರೇ, "ಮನೆಯಲ್ಲಿ ಕೂತು ಮಾಡದ ಕೆಲಸ ಆ ಮನೆಯ ಗೋಡೆಗೆ ಹೊಂದುವುದಿಲ್ಲ ಮಾರಾಯ, ಮಲೆನಾಡಿನ ಹಳೇ ಮನೆಗಳಲ್ಲಂತೂ ಆಗುವ ಮಾತಲ್ಲ" ಎಂದಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದನ್ನು ನಾನು ಹಣ ಕಳೆದುಕೊಂಡೇ ತಿಳಿದುಕೊಂಡೆ.

ಅದಕ್ಕೆ ಮೊದಲು ನಾನೂ ಎಲ್ಲರಂತೆ ಗಿರಾಕಿ ತಂದುಕೊಟ್ಟ ಪ್ಲೈಯಲ್ಲಿ ಅವರ ಮನೆಯಲ್ಲೇ ಕೆಲಸ ಮಾಡುತ್ತಿದ್ದೆ. 5×7 ಅಡಿಯ ವಾರ್ಡ್‌ರೋಬಿಗೆ ಚದರ ಅಡಿಗೆ ₹380ರಂತೆ ಕೂಲಿ ಸುಮಾರು ₹13,000 ಸಿಗುತ್ತಿತ್ತು. ಇಬ್ಬರು ಸಹಾಯಕರಿಗೆ ಎಂಟು ದಿನದ ಸಂಬಳವೆಂದು ₹12,000 ಕೊಟ್ಟ ಮೇಲೆ ನನಗೆ ಉಳಿಯುತ್ತಿದ್ದುದು ಬ್ಲೇಡಿನ ಖರ್ಚಿಗೂ ಸಾಲದಷ್ಟು. ಕರೆಂಟು ಹೋದರೆ ಮೂವರೂ ಸುಮ್ಮನೆ ಕೂರಬೇಕು; ಮನೆಯವರು ಊರಿಗೆ ಹೋದರೆ ಕೆಲಸವೇ ನಿಲ್ಲಬೇಕು.

ಶೆಡ್ಡಿನಲ್ಲಿ ಕಟ್ಟಿದ ಮೊದಲ ವಾರ್ಡ್‌ರೋಬ್ 7 ಅಡಿ ಎತ್ತರದ ಎರಡು ಪೆಟ್ಟಿಗೆಗಳದ್ದು. ಅದು ಹೋದದ್ದು ಮರದ ಮುಚ್ಚಿಗೆಯ ಹಳೆಯ ಮನೆಯ ಕೋಣೆಗೆ. ನೆಲದಿಂದ ಮುಚ್ಚಿಗೆಗೆ 86 ಇಂಚು ಇತ್ತು, ನನ್ನ ಪೆಟ್ಟಿಗೆ 84 ಇಂಚು; ಎರಡು ಇಂಚು ಉಳಿಯುತ್ತದೆ ಎಂದು ನೆಮ್ಮದಿಯಿಂದ ಹೋಗಿದ್ದೆ. ಮಲಗಿಸಿ ಒಳತಂದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುವಾಗ ಮೂಲೆಯಿಂದ ಮೂಲೆಗೆ ಎಷ್ಟು ಎತ್ತರ ಬೇಕೆಂದು ಲೆಕ್ಕ ಹಾಕಿರಲಿಲ್ಲ. 24 ಇಂಚು ಆಳದ ಪೆಟ್ಟಿಗೆಗೆ ಅದು 87 ಇಂಚು ದಾಟುತ್ತದೆ. ಮುಚ್ಚಿಗೆಯ ತೊಲೆಗೆ ಮೂಲೆ ತಾಗಿ, ಪೆಟ್ಟಿಗೆ ಓರೆಯಾಗಿ ನಿಂತುಬಿಟ್ಟಿತು. ಮನೆಯ ಯಜಮಾನರು ಒಂದು ಮಾತನ್ನೂ ಆಡದೆ ನೋಡುತ್ತ ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡನ್ನೂ ವಾಪಸು ತಂದು ಬಿಚ್ಚಿ ಮತ್ತೆ ಕಟ್ಟಿದೆ; ಗಾಡಿ ಬಾಡಿಗೆ, ಹಾಳಾದ ಮೈಕಾ ಎಲ್ಲ ಸೇರಿ ಸುಮಾರು ₹9,000 ಕೈಬಿಟ್ಟಿತು.

ಅಂದಿನಿಂದ ಪೀಠವನ್ನು, ಅಂದರೆ ಪೆಟ್ಟಿಗೆ ನಿಲ್ಲುವ ತಳದ ಚೌಕಟ್ಟನ್ನು, ಪೆಟ್ಟಿಗೆಯಿಂದ ಬೇರ್ಪಡಿಸಿದೆ. ಪೆಟ್ಟಿಗೆ 80 ಇಂಚು, ಪೀಠ 4 ಇಂಚು. 80 ಇಂಚಿನದು 84ರೊಳಗೇ ತಿರುಗಿ ನಿಲ್ಲುತ್ತದೆ, ಆಮೇಲೆ ಕೆಳಗೆ ಪೀಠ ಸೇರಿಸುತ್ತೇನೆ. ಅಗಲವನ್ನೂ 20 ಇಂಚಿಗೆ ಇಳಿಸಿ, 5 ಅಡಿಯ ವಾರ್ಡ್‌ರೋಬನ್ನು ಮೂರು ಪೆಟ್ಟಿಗೆ ಮಾಡಿದೆ. ಒಳಗಿನ ಹಲಗೆ, ಶಟರ್ (ಬಾಗಿಲು) ಬಿಚ್ಚಿಟ್ಟರೆ ಒಂದೊಂದೂ 45 ಕಿಲೋ ಆಸುಪಾಸು ಇರುತ್ತದೆ. ಅದನ್ನು ಒಬ್ಬನೇ ಎತ್ತಿ ಪೀಠದ ಮೇಲೆ ಹೇಗೆ ಕೂರಿಸುತ್ತೇನೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹಲವು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡದ್ದು ಅದು.

ಗೋಡೆಯ ವಿಷಯದಲ್ಲಿ ಹಿರಿಯರ ಮಾತು ನಿಜ. ಜಂಬಿಟ್ಟಿಗೆಯ ಗೋಡೆಗೆ ತೂಗುಗುಂಡು ಬಿಟ್ಟರೆ 7 ಅಡಿಯಲ್ಲಿ ಒಂದೂವರೆ ಇಂಚು ವಾಲಿದ್ದನ್ನು ನೋಡಿದ್ದೇನೆ. ಹೀಗಾಗಿ ಎರಡೂ ಬದಿಗೆ ಎರಡೆರಡು ಇಂಚು ಬಿಟ್ಟು ಪೆಟ್ಟಿಗೆ ಕಟ್ಟುತ್ತೇನೆ. ಆ ಸಂದಿಗೆ ಅಗಲವಾದ ಪಟ್ಟಿಯನ್ನು ಗೋಡೆಗೆ ಆನಿಸಿ, ಪೆನ್ಸಿಲಿನಿಂದ ಗೋಡೆಯ ಉಬ್ಬು ತಗ್ಗನ್ನು ಅದರ ಮೇಲೆ ಎಳೆದು, ಗೆರೆಯ ಹೊರಗಿನದನ್ನು ಕೀಸಿ ಕೂರಿಸಿದರೆ ಪಟ್ಟಿ ಗೋಡೆಯಿಂದಲೇ ಹುಟ್ಟಿದಂತೆ ಕಾಣುತ್ತದೆ. ಈ ಒಂದು ಕೆಲಸಕ್ಕೆ ಅರ್ಧ ದಿನ ಹೋದರೂ ನಾನು ಅವಸರ ಮಾಡುವುದಿಲ್ಲ. ಹಿಂಭಾಗವನ್ನು ಗೋಡೆಯಿಂದ ಒಂದು ಇಂಚು ದೂರವೇ ಇಡುತ್ತೇನೆ, ಮಳೆಗಾಲದ ಥಂಡಿ ನೇರವಾಗಿ ಪ್ಲೈಗೆ ಏರಬಾರದು.

ಥಂಡಿ ಕಲಿಸಿದ ಇನ್ನೊಂದು ಪಾಠ ಶಟರಿನದು. ಖರ್ಚು ಉಳಿಸಲು ಹೊರಗೆ ಮೈಕಾ, ಒಳಗೆ ಬರೀ ಬಣ್ಣ ಎಂದು ಮಾಡಿಕೊಟ್ಟ ಆರು ಶಟರುಗಳಲ್ಲಿ ಮೂರು ಜುಲೈ ಹೊತ್ತಿಗೆ ಬಿಲ್ಲಿನಂತೆ ಬಾಗಿದವು. ಬಣ್ಣ ಬಳಿದ ಬದಿ ನೀರು ಕುಡಿದು ಹಿಗ್ಗುತ್ತದೆ, ಮೈಕಾ ಬದಿ ಹಿಗ್ಗುವುದಿಲ್ಲ. ಆರನ್ನೂ ನನ್ನ ಖರ್ಚಿನಲ್ಲೇ ಬದಲಿಸಿದೆ, ಸುಮಾರು ₹11,000. ಈಗ ಒಳಗೆ ಲೈನರ್ (ಒಳಬದಿಗೆ ಅಂಟಿಸುವ ತೆಳು ಮೈಕಾ) ಇಲ್ಲದೆ ಒಂದು ಶಟರನ್ನೂ ಕೊಡುವುದಿಲ್ಲ, ಗಿರಾಕಿ ಬೇಡವೆಂದರೆ ಕೆಲಸವನ್ನೇ ಬಿಡುತ್ತೇನೆ.

ಹಣದ ಲೆಕ್ಕವೂ ಬದಲಾಯಿತು. ಸಾಮಾನು ಸಮೇತ ಚದರ ಅಡಿಗೆ ₹1,650; 35 ಚದರ ಅಡಿಗೆ ₹57,000 ಚಿಲ್ಲರೆ. ಸಾಮಾನು ₹38,000ದಷ್ಟು, ಗಾಡಿಗೆ ಸಾವಿರದಿನ್ನೂರು ಕಳೆದರೆ ಎಂಟು ದಿನದ ದುಡಿಮೆಗೆ ₹18,000 ಹತ್ತಿರ ಉಳಿಯುತ್ತದೆ. 60 ಪ್ರತಿಶತ ಮುಂಗಡ, 30 ಪ್ರತಿಶತ ಪೆಟ್ಟಿಗೆಗಳು ಗಾಡಿ ಏರುವ ಮೊದಲು, ಉಳಿದ 10 ಕೂರಿಸಿದ ದಿನ. ಮೊದಲ ವರ್ಷ ಸಂಕೋಚದಿಂದ ಅರ್ಧಕ್ಕರ್ಧ ಬಾಕಿ ಬಿಟ್ಟು, ಒಬ್ಬರ ಮನೆಗೆ ನಾಲ್ಕು ತಿಂಗಳು ಅಲೆದಿದ್ದೇನೆ.

ನಡುವೆ ಡ್ರಾಯರುಗಳನ್ನು ಪ್ಲೈ ಬಿಟ್ಟು ಕಾಫಿ ತೋಟದ ಸಿಲ್ವರ್ ಓಕಿನಲ್ಲಿ ಮಾಡಿ ನೋಡಿದೆ. ಚಿಕ್ಕಮಗಳೂರು ಕಡೆಯಿಂದ ತರಿಸಿದ ಹಲಗೆಗಳ ರೇಖೆ ಬಹಳ ಚೆಂದ, ಕೀಸಿದರೆ ಹೊಳೆಯುತ್ತದೆ. ಆದರೆ ಆರು ತಿಂಗಳಲ್ಲಿ ಕುಟ್ಟೆ ಬಿದ್ದು ಡ್ರಾಯರಿನ ಕೆಳಗೆ ಹಿಟ್ಟಿನಂಥ ಪುಡಿ ಉದುರತೊಡಗಿತು. ಎರಡನೇ ಸಲ ಹಸಿ ಹಲಗೆಗಳನ್ನೇ ತಂದು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿ, ನಡುವೆ ರೀಪು ಕೊಟ್ಟು ಒಟ್ಟಿ, ನೆರಳಿನಲ್ಲಿ ಒಂದು ವರ್ಷ ಒಣಗಿಸಿದೆ. ಎಷ್ಟು ನೀರಿಗೆ ಎಷ್ಟು ಪುಡಿ, ಎಷ್ಟು ದಿನ ಎಂಬುದು ಇನ್ನೂ ಹದಕ್ಕೆ ಬರಬೇಕಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಆ ಹಲಗೆಯ ನಾಲ್ಕು ಡ್ರಾಯರುಗಳನ್ನು ನಮ್ಮ ಮನೆಯ ಅಡುಗೆಮನೆಗೇ ಹಾಕಿದ್ದೇನೆ. ಎರಡು ಮಳೆಗಾಲ ಕಳೆದಿವೆ, ಪುಡಿ ಬಿದ್ದಿಲ್ಲ. ಒಂದು ಡ್ರಾಯರ್ ಮಾತ್ರ ಆಷಾಢದಲ್ಲಿ ಸ್ವಲ್ಪ ಬಿಗಿಯಾಗುತ್ತದೆ. ಮೂರನೆಯ ಮಳೆಗಾಲವನ್ನೂ ನೋಡಿದ ಮೇಲೆ ಗಿರಾಕಿಗಳಿಗೆ ಕೊಡಬೇಕೆಂದಿದ್ದೇನೆ.