ಚೆಕ್ ಹಳ್ಳಿಯ ಮಸೊಪುಸ್ಟ್ ನನಗೆ ಸಿಕ್ಕಿದ್ದು ಹೀಗೆ

ಮ್ಯೂನಿಕ್‌ನ ನಮ್ಮ ಕನ್ನಡ ಗುಂಪಿನಲ್ಲಿ ನಾನು ಮಸೊಪುಸ್ಟ್ ಅಂತ ಬಾಯಿ ತೆಗೆದರೆ ಸಾಕು, ನಗು ಶುರು. ಮಸೊಪುಸ್ಟ್ ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಮೊದಲು ಚೆಕ್ ದೇಶದಲ್ಲಿ ನಡೆಯುವ ವೇಷದ ಹಬ್ಬ. "ಅದೆಲ್ಲ ಈಗ ಟೂರಿಸ್ಟ್ ನಾಟಕ ಮಾರಾಯ. ಪ್ರಾಗ್‌ಗೆ ಹೋಗು, ಬಿಯರ್ ಕುಡಿ, ವಾಪಸ್ ಬಾ" ಅನ್ನುತ್ತಿದ್ದರು. ನಗುತ್ತಿದ್ದವರಲ್ಲಿ ಇಬ್ಬರು ಈಗ ಯಾವ ಹಳ್ಳಿ, ಯಾವ ರೈಲು ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹಾಳಾದ ಕಥೆ. ಪ್ರಾಗ್‌ನ ಒಂದು ಟೂರ್ ಕಂಪನಿ "ಸಾಂಪ್ರದಾಯಿಕ ಕಾರ್ನಿವಲ್" ಅಂತ ತಲೆಗೆ ಸುಮಾರು 150 ಯೂರೋ ತೆಗೆದುಕೊಂಡಿತು. ನಾನು, ನನ್ನ ಹೆಂಡತಿ ಇಬ್ಬರಿಗೂ ಸೇರಿ ಲೆಕ್ಕ ಹಾಕಿಕೊಳ್ಳಿ. ಸಿಕ್ಕಿದ್ದು ವೆನಿಸ್ ಮಾದರಿಯ ಬಾಡಿಗೆ ಮುಖವಾಡ, ತಣ್ಣಗಾದ ಊಟ, ಮೂಲೆಯಲ್ಲಿ ಪಿಟೀಲು. ಚಂದವೇನೋ ಇತ್ತು. ಆದರೆ ಚೆಕ್ ಹಳ್ಳಿಯ ಗಾಳಿಯೂ ಅಲ್ಲಿ ಸುಳಿದಿರಲಿಲ್ಲ.

ಮುಂದಿನ ವರ್ಷ ಚೆಕ್ ದೇಶದ ದಕ್ಷಿಣ ಬೊಹೆಮಿಯಾ ಪ್ರಾಂತ್ಯದ ಮಿಲೆವ್ಸ್ಕೊಗೆ ಹೋದೆ. ಅಲ್ಲಿನ ಮೆರವಣಿಗೆ 1862ರಿಂದ ನಡೆದು ಬಂದದ್ದು, ಅದರಲ್ಲಿ ಮೋಸ ಇಲ್ಲ. ಆದರೆ ಅದು ಪಟ್ಟಣದ ಮೆರವಣಿಗೆ. ನೀವು ಫುಟ್‌ಪಾತ್ ಮೇಲೆ ನಿಲ್ಲಬೇಕು, ಅವರು ಮುಂದೆ ಹಾದು ಹೋಗುತ್ತಾರೆ, ಅಷ್ಟೇ. ಪ್ರಾಗ್ ಪಕ್ಕದ ರೊಸ್ತೊಕಿ, ಊನ್ಯೆತಿತ್ಸೆ, ಸುಖ್ದೊಲ್ ಕಡೆಯದ್ದು ಇದಕ್ಕಿಂತ ಮಜಾ. ಮೂರೂ ಕಡೆಯಿಂದ ಹೊರಟ ಮೆರವಣಿಗೆಗಳು ಹೊಲದ ನಡುವಿನ ಗುಡ್ಡದ ಮೇಲೆ ಸೇರುತ್ತವೆ. ಒಂದೇ ದಿನ ರಜೆ ಇರುವವರು ಅದಕ್ಕೇ ಹೋಗಿ. ಆದರೆ ನಾನು ಹುಡುಕುತ್ತಿದ್ದದ್ದು ಅದೂ ಅಲ್ಲ.

ನಾನು ಅಂಕೋಲಾ ಕಡೆಯವನು. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನೋಡಿ ಬೆಳೆದವನು. ಹೋಳಿ ಹುಣ್ಣಿಮೆ ಹೊತ್ತಿಗೆ ತಲೆಗೆ ತುರಾಯಿ ಕಟ್ಟಿ, ಕೋಲು ಹಿಡಿದು ತಂಡ ಮನೆಮನೆಗೆ ಬರುತ್ತದೆ. ಅಂಗಳದಲ್ಲಿ ಕುಣಿಯುತ್ತದೆ, ಮನೆಯವರು ಕೊಟ್ಟಿದ್ದು ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತದೆ. ಅದೇ ತಂಡವನ್ನು ಉತ್ಸವದ ವೇದಿಕೆ ಮೇಲೆ ನೋಡಿದರೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಹಾಗಾಗಿ ನನ್ನ ಪರೀಕ್ಷೆ ಒಂದೇ. ತಂಡ ಮನೆ ಬಾಗಿಲಿಗೆ ಹೋಗುತ್ತದಾ, ಇಲ್ಲವಾ? ಹೋಗದಿದ್ದರೆ ಎಷ್ಟೇ ಹಳೆಯದಾದರೂ ನನಗೆ ಬೇಡ.

ಆ ಲೆಕ್ಕದಲ್ಲಿ ಹುಡುಕಿದರೆ ಪ್ರಾಗ್‌ನ ಪೂರ್ವಕ್ಕಿರುವ ಹ್ಲಿನ್ಸ್ಕೊ ಪಟ್ಟಣದ ಸುತ್ತಲಿನ ಹಳ್ಳಿಗಳು ಮೊದಲು ಸಿಗುತ್ತವೆ. ಹಮ್ರಿ, ಸ್ತುದ್ನಿತ್ಸೆ, ವೊರ್ತೋವಾ ಈ ಕಡೆಯವೇ. ಇಲ್ಲಿನ ಮನೆಮನೆ ಸುತ್ತಾಟವನ್ನು ಯುನೆಸ್ಕೊ 2010ರಲ್ಲೇ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಯುನೆಸ್ಕೊ ಹೆಸರು ಕೇಳಿದ ತಕ್ಷಣ ನಮ್ಮವರು "ಹಾಗಾದರೆ ಅಲ್ಲಿ ಬಸ್ಸುಗಟ್ಟಲೆ ಜನ" ಅಂದರು. ಜನ ಇದ್ದರು, ನಿಜ. ಆದರೆ ಬಹುತೇಕ ಅಲ್ಲಿಯವರೇ. ಕ್ಯಾಮೆರಾ ನೇತುಹಾಕಿಕೊಂಡವರು ಕೈಬೆರಳಲ್ಲಿ ಎಣಿಸುವಷ್ಟು.

ಆದರೂ ಅಲ್ಲಿಗೆ ಹೋದ ಮೊದಲ ಸಲ ಕೈಗೆ ಸಿಕ್ಕಿದ್ದು ಸೊನ್ನೆ. ಉಪವಾಸ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚಿನ ಕೊನೆಯ ಶನಿವಾರಕ್ಕೆ ರೂಮ್ ಮಾಡಿದ್ದೆ. ನಾವು ಆರಿಸಿದ್ದ ಹಳ್ಳಿಯವರು ಹಿಂದಿನ ಶನಿವಾರವೇ ಮುಗಿಸಿಬಿಟ್ಟಿದ್ದರು! ರೂಮಿನ ದುಡ್ಡು ವಾಪಸ್ ಬರಲಿಲ್ಲ, ಎರಡು ರಾತ್ರಿಗೆ ಎರಡೂವರೆ ಸಾವಿರ ಕೊರುನಾ ಹತ್ತಿರ. ಯೂರೋಗೆ 25 ಕೊರುನಾ ಅಂದುಕೊಂಡರೆ ಸುಮಾರು 100 ಯೂರೋ. ಮೇಲೆ ಶನಿವಾರ ಹಳ್ಳಿ ಬಸ್ಸು ಕಡಿಮೆ. ಹಿಮದಲ್ಲಿ ಐದಾರು ಕಿಲೋಮೀಟರ್ ನಡೆದು ಹೋಗಿ, ಖಾಲಿ ರಸ್ತೆ ನೋಡಿಕೊಂಡು, ಮತ್ತೆ ಅಷ್ಟೇ ದೂರ ನಡೆದು ಬಂದೆವು. ನನ್ನ ಹೆಂಡತಿ ಆವತ್ತು ರಾತ್ರಿ ನನ್ನ ಜೊತೆ ಮಾತಾಡಿದ್ದು ಕಮ್ಮಿ.

ಆಮೇಲೆ ದಾರಿ ಬದಲಿಸಿದೆ. ಇಂಗ್ಲಿಷಿನ ಹಬ್ಬದ ಪಟ್ಟಿಗಳನ್ನು ನೋಡುವುದನ್ನೇ ಬಿಟ್ಟೆ. ಪ್ರತಿ ಹಳ್ಳಿಯ ಪಂಚಾಯ್ತಿಗೆ ಒಂದು ವೆಬ್‌ಸೈಟ್ ಇರುತ್ತದೆ, ಅದರಲ್ಲಿ ನೋಟಿಸ್ ಬೋರ್ಡ್ ಇರುತ್ತದೆ. ಕಸ ಯಾವತ್ತು ಒಯ್ಯುತ್ತಾರೆ, ನೀರು ಯಾವತ್ತು ಬರಲ್ಲ ಅನ್ನುವುದರ ಪಕ್ಕದಲ್ಲೇ ಮಸೊಪುಸ್ಟ್ ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಸಿಗದಿದ್ದರೆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಪುಟ ನೋಡಿ. ಚೆಕ್ ಹಳ್ಳಿಯಲ್ಲಿ ಹಬ್ಬ, ಡಾನ್ಸು, ಹಂದಿ ಕೊಯ್ಯುವುದು ಎಲ್ಲದಕ್ಕೂ ಮುಂದೆ ನಿಲ್ಲುವವರು ಹೆಚ್ಚಾಗಿ ಅವರೇ. ಹುಡುಕುವಾಗ ಬರೀ ಮಸೊಪುಸ್ಟ್ ಅಂತ ಹಾಕಬೇಡಿ. ದೇಶದ ಪೂರ್ವ ಭಾಗವಾದ ಮೊರಾವಿಯಾದಲ್ಲಿ ಫಶಾಂಕ್, ಒಸ್ತತ್ಕಿ ಅನ್ನುತ್ತಾರೆ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಪ್ಖೂಸ್ಕಾ, ಅಂದರೆ ಮನೆಮನೆ ಸುತ್ತು. ಚೀಟಿಯಲ್ಲಿ ಅದಿದ್ದರೆ ಟಿಕೆಟ್ ಮಾಡಿ. ವೇದಿಕೆ, ಮಕ್ಕಳ ಮೂಲೆ, ಊಟದ ಸ್ಟಾಲ್ ಮಾತ್ರ ಇದ್ದರೆ ಬಿಟ್ಟುಬಿಡಿ.

ಕೊನೆಗೆ ಪಂಚಾಯ್ತಿಗೆ ಚೆಕ್‌ನಲ್ಲೇ ನಾಲ್ಕು ಸಾಲಿನ ಮೇಲ್ ಬರೆದೆ. ಫೋನಿನ ಅನುವಾದವೇ ಸಾಕು. "ನಾವು ಬರಬಹುದಾ" ಅಂತ ಕೇಳಬೇಡಿ. ಮೊದಲ ಮನೆ ಎಷ್ಟು ಗಂಟೆಗೆ, ಊರಿನ ಯಾವ ತುದಿಯಿಂದ ಅಂತ ಕೇಳಿ. ಎರಡೇ ದಿನದಲ್ಲಿ ಒಂದು ಸಾಲಿನ ಉತ್ತರ ಬಂತು. ಮೇಲ್‌ನ ಕೊನೆಯ ಸಾಲಿನಲ್ಲಿ ಏನು ಬರೆದೆ ಅಂತ ಹೇಳಲ್ಲ. ಉತ್ತರ ಬಂದದ್ದು ಆ ಸಾಲಿಗೇ, ಅದು ನನ್ನ ಹತ್ತಿರವೇ ಇರಲಿ.

ಹ್ಲಿನ್ಸ್ಕೊ ಕಡೆಯ ಹಳ್ಳಿಗೆ ಬೆಳಿಗ್ಗೆಯೇ ಹೋಗಿ ನಿಂತೆವು. ಹಿತ್ತಾಳೆ ವಾದ್ಯದವರು ಮುಂದೆ, ವೇಷಗಳು ಹಿಂದೆ. ವೇಷದವರೆಲ್ಲ ಗಂಡಸರೇ, ಹೆಂಗಸಿನ ವೇಷವೂ ಗಂಡಸೇ. ಕೆಂಪು ವೇಷ ಮದುವೆಯಾಗದ ಹುಡುಗರದ್ದು, ಕಪ್ಪು ವೇಷ ಮದುವೆಯಾದವರದ್ದು. ಯಜಮಾನ ಒಪ್ಪಿಗೆ ಕೊಟ್ಟ ಮೇಲೆ ನಾಲ್ಕು ಜನ ತುರ್ಕರ ವೇಷದವರು ಅಂಗಳದಲ್ಲಿ ಸುತ್ತು ಕುಣಿಯುತ್ತಾರೆ. ಬೆಳೆ ಚೆನ್ನಾಗಿ ಬರಲಿ, ಮನೆ ಚೆನ್ನಾಗಿರಲಿ ಅಂತ ಅದು. ಆಮೇಲೆ ಡಬ್ಬಿಗೆ ದುಡ್ಡು, ಕೈಗೆ ಪುಟ್ಟ ಗ್ಲಾಸು. ಒಂದು ವೇಷ ಗಂಟು ಹೊತ್ತ ಯಹೂದಿ ವ್ಯಾಪಾರಿಯದ್ದು. ಅದನ್ನು ನೋಡುವಾಗ ನನಗೆ ಕಸಿವಿಸಿಯಾಯಿತು, ಮುಚ್ಚಿಡುವುದಿಲ್ಲ.

ನನಗೆ ತುಂಬ ಹಿಡಿಸಿದ್ದು ಹುಲ್ಲಿನ ಮನುಷ್ಯ. ಮೈತುಂಬ ಒಣಹುಲ್ಲು ಸುತ್ತಿಕೊಂಡು ಹಿಮದಲ್ಲಿ ಹೊರಳಾಡುತ್ತಾನೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮೆಟ್ಟಿಲಿಳಿದು ಬಂದು, ಅವನ ಸೊಂಟದಿಂದ ಒಂದು ಹಿಡಿ ಹುಲ್ಲು ಕಿತ್ತು, ಏಪ್ರನ್ ಜೇಬಿಗೆ ತುರುಕಿಕೊಂಡು ಸೀದಾ ಹಿತ್ತಲಿಗೆ ಹೋದರು. ಕೋಳಿ ಗೂಡಿಗೆ. ಮೊಟ್ಟೆ ಚೆನ್ನಾಗಿ ಇಡಲಿ ಅಂತ ಹಾಕುವ ಪದ್ಧತಿ ಅದು. ಚಪ್ಪಾಳೆ ಇಲ್ಲ, ಫೋಟೋಗೆ ನಿಲ್ಲುವುದು ಇಲ್ಲ. ನನ್ನ 100 ಯೂರೋ ಅಲ್ಲಿಗೆ ವಸೂಲಾಯಿತು.

ಕೊನೆಯ ಮನೆ ಆದ ಮೇಲೆ ಕುದುರೆ ಕೊಲ್ಲುವ ಆಟ. ಹೆಣ್ಣುಕುದುರೆ ವೇಷದವನ ಮೇಲೆ ಊರಿನ ಪಾಪವನ್ನೆಲ್ಲ ಹೊರಿಸಿ, ಉಯಿಲು ಓದಿ, ಸಾಯಿಸಿ, ಮತ್ತೆ ಮದ್ಯ ಕುಡಿಸಿ ಎಬ್ಬಿಸುತ್ತಾರೆ. ಉಯಿಲಿನಲ್ಲಿ ಊರಿನವರ ಕಾಲೆಳೆಯುತ್ತಾರೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಪಕ್ಕದವರು ನಕ್ಕಾಗ ನಾನೂ ನಕ್ಕೆ. 18, 19ನೇ ಶತಮಾನಗಳಲ್ಲಿ ಚರ್ಚು ಇದನ್ನು ನಿಲ್ಲಿಸಲು ನೋಡಿತ್ತು, ಆಮೇಲೆ ಸಮಾಜವಾದಿ ಸರ್ಕಾರವೂ ನೋಡಿತು. ಆ ನಗು ಕೇಳಿದರೆ ಯಾಕೆ ನಿಲ್ಲಲಿಲ್ಲ ಅಂತ ಗೊತ್ತಾಗುತ್ತದೆ.

ನಡುವೆ ಒಂದೆರಡು ಪ್ರಯೋಗ. ಚಿಮಣಿ ಗುಡಿಸುವವರ ವೇಷದವರು ಸಿಕ್ಕವರ ಮುಖಕ್ಕೆಲ್ಲ ಮಸಿ ಬಳಿಯುತ್ತಾರೆ, ತಪ್ಪಿಸಿಕೊಂಡರೆ ಜಾಸ್ತಿ ಬಳಿಯುತ್ತಾರೆ. ನಾನು ಬೆಳಿಗ್ಗೆಯೇ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ, ನನ್ನ ಹೆಂಡತಿ ಬೇಡ ಅಂದಳು. ಸಂಜೆ ನನ್ನ ಮುಖ ಒಂದೇ ಸಲ ಒರೆಸಿದ್ದಕ್ಕೆ ಸ್ವಚ್ಛ, ಅವಳದ್ದಕ್ಕೆ ಅರ್ಧ ಗಂಟೆ ಬೇಕಾಯಿತು. ಇನ್ನು ಊಟ. ಎಲ್ಲೆಲ್ಲೂ ಹಂದಿಮಾಂಸ, ರಕ್ತದ ಸಾಸೇಜು. ಸಸ್ಯಾಹಾರಿಗಳಿಗೆ ಕೊಬ್ಲಿಹಿ ಅನ್ನುವ ಕರಿದ ಸಿಹಿ ಬನ್ನು ಇದೆಯಲ್ಲ ಅಂದುಕೊಂಡಿದ್ದೆ. ಕೆಲವು ಮನೆಗಳಲ್ಲಿ ಅದನ್ನೂ ಹಂದಿ ಕೊಬ್ಬಿನಲ್ಲೇ ಕರಿಯುತ್ತಾರೆ, ಕೇಳಿಕೊಂಡು ತಿನ್ನಿ. ನಾವು ಅವಲಕ್ಕಿ ಡಬ್ಬಿ ಒಯ್ದಿದ್ದೆವು. ಒಬ್ಬ ತುರ್ಕನೂ ಮೂರು ಚಮಚ ತಿಂದ!

ಖರ್ಚು ನೆನಪಿದ್ದಷ್ಟು. ಮ್ಯೂನಿಕ್‌ನಿಂದ ಪ್ರಾಗ್‌ಗೆ ರೈಲಲ್ಲಿ ಆರು ಗಂಟೆ ಹತ್ತಿರ. ಅಲ್ಲಿಂದ ಪಾರ್ದುಬಿತ್ಸೆಯಲ್ಲಿ ಇಳಿದು ಹ್ಲಿನ್ಸ್ಕೊ ರೈಲು ಹಿಡಿಯಬೇಕು, ಟಿಕೆಟ್ 300 ಕೊರುನಾ ಆಸುಪಾಸು. ರೂಮ್ ರಾತ್ರಿಗೆ 1200. ಡಬ್ಬಿಗೆ 200 ಹಾಕಿ, ಅದಕ್ಕಿಂತ ಕಮ್ಮಿ ಹಾಕಿದರೆ ನಮಗೇ ಮರ್ಯಾದೆ ಅಲ್ಲ. ಎಲ್ಲ ಸೇರಿ ಇಬ್ಬರಿಗೆ ಪ್ರಾಗ್‌ನ ಆ ಒಂದು ರಾತ್ರಿಗಿಂತ ಸ್ವಲ್ಪ ಮೇಲಾಯಿತು, ಅಷ್ಟೇ.

2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. ಅದರಿಂದ 47 ದಿನ ಹಿಂದಕ್ಕೆ ಎಣಿಸಿದರೆ ಫೆಬ್ರವರಿ 9, ಮಸೊಪುಸ್ಟ್‌ನ ಕೊನೆಯ ಮಂಗಳವಾರ. ಹಾಗಾಗಿ ಜನವರಿ ಕೊನೆಯ ಶನಿವಾರದಿಂದಲೇ ನೋಟಿಸ್ ಬೋರ್ಡ್ ಮೇಲೆ ಕಣ್ಣಿಡಿ. ದಿನ ಖಚಿತ ಆಗುವ ತನಕ ರೂಮಿಗೆ ಮುಂಗಡ ಕಟ್ಟಬೇಡಿ. ನಾವು ಈ ಸಲ ಹೋಗುವುದು ದಕ್ಷಿಣ ಬೊಹೆಮಿಯಾದ ದೌದ್ಲೆಬಿ ಕಡೆಗೆ. ಅಲ್ಲಿ ಹುಡುಗರು ಕಾಗದದ ಹೂವಿನ ಎತ್ತರದ ಟೋಪಿ ಹಾಕಿ ಮನೆಮನೆಗೆ ಹೋಗುತ್ತಾರೆ, ಹೆಚ್ಚುಕಮ್ಮಿ ನಮ್ಮ ತುರಾಯಿಯೇ. ಯಾವ ಹಳ್ಳಿ ಅಂತ ಈಗಲೇ ಕೇಳಬೇಡಿ, ಪಂಚಾಯ್ತಿಯಿಂದ ಉತ್ತರ ಬರಲಿ.