ವಿಶ್ವಬ್ಯಾಂಕ್ ಸಾಲವನ್ನು ಊರಿನ ಪಾಸ್‌ಬುಕ್‌ವರೆಗೆ ತಾಳೆ ಹಾಕಿದ್ದು: ನನ್ನ ಅನುಭವ

ಕರ್ನಾಟಕದ ಹಳ್ಳಿಗಳ ಕುಡಿಯುವ ನೀರಿಗೆಂದು ವಿಶ್ವಬ್ಯಾಂಕ್ ಸಾಲ ಕೊಟ್ಟಿದ್ದ ಜಲ ನಿರ್ಮಲ ಯೋಜನೆಯ ಲೆಕ್ಕವನ್ನು ಗ್ರಾಮದ ಮಟ್ಟದವರೆಗೆ ತಾಳೆ ಹಾಕುತ್ತೇನೆ ಎಂದಾಗ ಇಂಥ ನೆರವಿನ ಹಣದ ಲೆಕ್ಕ ಬಲ್ಲ ಹಿರಿಯರೊಬ್ಬರು, "ರಾಜ್ಯದ ಮೊತ್ತಕ್ಕೇ ನಿಲ್ಲಿಸಿ, ಕೆಳಗಿಳಿದರೆ ಮುಳುಗುತ್ತೀರಿ" ಎಂದಿದ್ದರು. ಮೂರು ವರ್ಷ ಹಿಡಿಯಿತು. ಗದಗ ಜಿಲ್ಲೆಯಲ್ಲಿ ನಾನು ಆರಿಸಿಕೊಂಡ ಹನ್ನೆರಡು ಪಂಚಾಯಿತಿಗಳಲ್ಲಿ ಈಗ ನೂರಕ್ಕೆ ಎಂಬತ್ತರಷ್ಟು ಹಣ ತಾಳೆಯಾಗುತ್ತಿದೆ. ಆ ಹಿರಿಯರಿಗೂ ಪಟ್ಟಿ ಕಳಿಸಿದ್ದೇನೆ.

ಯೋಜನೆಯ ಗುರುತು ಇಷ್ಟು: 2001ರ ಡಿಸೆಂಬರ್‌ನಲ್ಲಿ ಮಂಜೂರಾದ ಸಾಲ, ಸುಮಾರು 15 ಕೋಟಿ ಡಾಲರ್, ರಾಜ್ಯದ ಉತ್ತರ ಭಾಗದ 11 ಜಿಲ್ಲೆಗಳು, 2010ರಲ್ಲಿ ಹೆಚ್ಚುವರಿ ಸಾಲ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ನೆರವಿನ ದತ್ತಾಂಶದಲ್ಲಿ ಇಂಥದ್ದೆಲ್ಲ ಭಾರತ ಎಂಬ ಹೆಸರಿನ ಕೆಳಗೆ, ಕುಡಿಯುವ ನೀರಿನ ಸಂಕೇತದೊಂದಿಗೆ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಗದಗವೂ ಇಲ್ಲ, ಕೊಪ್ಪಳವೂ ಇಲ್ಲ. ನನಗೆ ಬೇಕಾಗಿದ್ದದ್ದು ಆ ಜಿಲ್ಲೆ, ಊರುಗಳ ಲೆಕ್ಕವೇ.

ಮೊದಲು ಹೆಸರಿನ ಬೆನ್ನು ಹತ್ತಿ ಕೆಟ್ಟೆ. ಒಬ್ಬ ಪ್ರೋಗ್ರಾಮರ್‌ಗೆ ಒಂದೂವರೆ ಲಕ್ಷ ಕೊಟ್ಟು, ಊರಿನ ಹೆಸರುಗಳನ್ನು ಹೊಂದಿಸುವ ತಂತ್ರಾಂಶ ಬರೆಸಿದೆ. ಹಳೆಯ ಕಡತಗಳು ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿದ್ದವು. ಯುನಿಕೋಡ್‌ಗೆ ತಂದರೆ ಒತ್ತಕ್ಷರಗಳು ಚದುರಿಹೋಗುತ್ತಿದ್ದವು. 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಹೊಸ ತಾಲ್ಲೂಕುಗಳು ಬಂದ ಮೇಲೆ ಊರುಗಳು ತಾಲ್ಲೂಕು ಬದಲಿಸಿದವು. ಬಸಾಪುರ ಎಂಬ ಊರು ಎಷ್ಟಿವೆ, ನೀವೇ ಲೆಕ್ಕ ಹಾಕಿ. ನೂರರಲ್ಲಿ ಮೂವತ್ತೈದು ಹೊಂದಿದವು, ಅದರಲ್ಲೂ ಕೆಲವು ತಪ್ಪು. ದುಡ್ಡು ಹೋಯಿತು.

ಎರಡನೆಯ ಪೆಟ್ಟು ವಿನಿಮಯ ದರದ್ದು. ವರ್ಷದ ಸರಾಸರಿ ದರ ಹಿಡಿದು ಡಾಲರನ್ನು ರೂಪಾಯಿ ಮಾಡಿದೆ. 2007ರ ಕೊನೆಗೆ ಡಾಲರ್ 40 ರೂಪಾಯಿಗಿಂತ ಕೆಳಗಿತ್ತು, 2013ರ ಆಗಸ್ಟ್‌ನಲ್ಲಿ 68 ಮುಟ್ಟಿತು. ಮೂಲ ಸಾಲ ವಿಶ್ವಬ್ಯಾಂಕಿನ ರಿಯಾಯಿತಿ ಸಾಲದ ಅಂಗವಾದ ಐಡಿಎಯದು, ಅದರ ಲೆಕ್ಕ ಹಲವು ಕರೆನ್ಸಿಗಳನ್ನು ಸೇರಿಸಿ ಐಎಂಎಫ್ ಮಾಡಿದ ಮಾನವಾದ ಎಸ್‌ಡಿಆರ್‌ನಲ್ಲಿ, ಅಂದರೆ ಡಾಲರ್ ಮೊತ್ತವೇ ಅಲುಗಾಡುತ್ತದೆ. ಅದರ ಮೇಲೆ ವಿಶ್ವಬ್ಯಾಂಕಿನ ಲೆಕ್ಕದ ವರ್ಷ ಜುಲೈಗೆ, ನಮ್ಮದು ಏಪ್ರಿಲ್‌ಗೆ, ಒಇಸಿಡಿಯದು ಜನವರಿಗೆ ಆರಂಭ. ಆರು ತಿಂಗಳು ಕೂತು ಮಾಡಿದ ಪಟ್ಟಿಯನ್ನು ಪೂರ್ತಿ ಅಳಿಸಿದೆ.

ದಾರಿ ತೆರೆದದ್ದು ಮರುಪಾವತಿ ಬೇಡಿಕೆಗಳ, ಅಂದರೆ ಖರ್ಚು ಮಾಡಿದ ಹಣವನ್ನು ವಿಶ್ವಬ್ಯಾಂಕಿನಿಂದ ಕೇಳುವ ಪತ್ರಗಳ, ತಾರೀಖಿನಿಂದ. ಹಣ ಮೇಲಿನಿಂದ ಇಳಿಯುತ್ತದೆ ಎಂದು ನಾವೆಲ್ಲ ಮೇಲಿನಿಂದಲೇ ಹುಡುಕುತ್ತೇವೆ. ಆದರೆ ರಾಜ್ಯ ಮೊದಲು ಖರ್ಚು ಮಾಡುತ್ತದೆ, ಆಮೇಲೆ ಖರ್ಚಿನ ಪಟ್ಟಿ ದೆಹಲಿಗೆ ಹೋಗುತ್ತದೆ, ಅಲ್ಲಿನ ನೆರವು ಲೆಕ್ಕ ನಿಯಂತ್ರಕರ ಮೂಲಕ ಬ್ಯಾಂಕಿಗೆ ತಲುಪುತ್ತದೆ, ಆಮೇಲೆ ಡಾಲರ್ ಬರುತ್ತದೆ. ಆದ್ದರಿಂದ ಕೆಳಗಿನ ಖರ್ಚಿನಿಂದ ಮೇಲಕ್ಕೆ ಹತ್ತಬೇಕು. ಪ್ರತಿ ಬೇಡಿಕೆಗೂ ಅದೇ ದಿನದ ದರ ಹಾಕಿದರೆ ಮೊತ್ತಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಇನ್ನೊಂದು ಎಚ್ಚರಿಕೆ: 2005ರ ಏಪ್ರಿಲ್‌ಗೆ ಮುಂಚಿನ ಸಾಲಗಳನ್ನು ಕೇಂದ್ರ ನಮ್ಮ ರಾಜ್ಯಕ್ಕೆ ನೂರರಲ್ಲಿ 70 ಸಾಲ, 30 ಅನುದಾನವಾಗಿ ದಾಟಿಸುತ್ತಿತ್ತು, ಆಮೇಲೆ ಸಹಿಯಾದವು ಬಂದ ಷರತ್ತಿನಲ್ಲೇ ರಾಜ್ಯದ ಹೆಗಲಿಗೆ. ಜಲ ನಿರ್ಮಲದಲ್ಲಿ ಒಂದೇ ಹೆಸರಿನ ಕೆಳಗೆ ಎರಡೂ ಬಗೆ ಇವೆ: 2001ರದು ಮೊದಲ ಬಗೆ, 2010ರದು ಎರಡನೆಯದು. ಕೂಡಿಸಿಬಿಟ್ಟರೆ ಕೆಟ್ಟಿರಿ.

ಬೇಡಿಕೆಯ ಕಟ್ಟುಗಳನ್ನು ಯಾವ ಕ್ರಮದಲ್ಲಿ ಬಿಡಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು, ಅದರ ಮೇಲೆ ಇನ್ನೂ ಕೆಲಸ ನಡೆಯುತ್ತಿದೆ.

ಮಾಹಿತಿ ಹಕ್ಕಿಗೆ ಒಟ್ಟು ಹನ್ನೆರಡು ಸಾವಿರದಷ್ಟು ಹೋಗಿರಬೇಕು. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ದುಬಾರಿಯಾದದ್ದು ಓಡಾಟ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಇದನ್ನು ಶಪಿಸುತ್ತಿದ್ದವನು ಈಗ ಮೆಚ್ಚುತ್ತೇನೆ: ಒಂದು ತಾರೀಖು, ಒಂದು ಮೊತ್ತ, ಒಂದು ಪ್ರಶ್ನೆ ಎಂದು ಕೇಳಿದಾಗ ಉತ್ತರ ಬಂತು. "ಎಲ್ಲ ದಾಖಲೆ ಕೊಡಿ" ಎಂದಾಗಲೆಲ್ಲ ಕಡತ ಲಭ್ಯವಿಲ್ಲ ಎಂಬ ಒಂದೇ ಸಾಲು.

ನಡುವೆ ಕಾಮಗಾರಿ ಫಲಕಗಳ ಫೋಟೊ ತೆಗೆಸುವ ಪ್ರಯೋಗವನ್ನೂ ಮಾಡಿದೆ. ನೀರಗಂಟಿಗಳಿಗೆ ಫೋಟೊಗೆ ಇಪ್ಪತ್ತು ರೂಪಾಯಿ ಕೊಟ್ಟೆ. ನಾನೂರರ ಹತ್ತಿರ ಬಂದವು. ಟ್ಯಾಂಕಿನ ಗೋಡೆಯ ಮೇಲಿನ ಬಣ್ಣ ಮಳೆಗೆ ಹೋಗಿ, ಅಂದಾಜು ವೆಚ್ಚದ ಸಾಲೇ ಮಾಸಿತ್ತು. ಆದರೂ ಟ್ಯಾಂಕ್ ಎಲ್ಲಿದೆ ಎಂಬುದಾದರೂ ಗೊತ್ತಾಯಿತು, ನಷ್ಟವಿಲ್ಲ.

ಕೊನೆಯವರೆಗೂ ಕಾಡಿದ್ದು ಒಂದು ಕೊರತೆ. ಖರ್ಚಾಗಿದೆ ಎಂದು ಮೇಲೆ ಬರೆದ ಮೊತ್ತ ಪಂಚಾಯಿತಿಯ ನಗದು ಪುಸ್ತಕದಲ್ಲಿ ಇರಲಿಲ್ಲ. ನುಂಗಿದ್ದಾರೆ ಎಂದು ಬರೆಯಲು ಹೊರಟಿದ್ದೆ. ಒಂದು ಊರಿನಲ್ಲಿ ಹಳೆಯ ನೀರು ಸಮಿತಿಯ ಅಧ್ಯಕ್ಷೆ, ಎಪ್ಪತ್ತು ದಾಟಿದ ಅಜ್ಜಿ, ಟ್ರಂಕಿನೊಳಗಿನ ಸೀರೆಗಳ ಕೆಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. "ಇದನ್ನು ಯಾರೂ ಕೇಳಿಯೇ ಇಲ್ಲವಲ್ಲಪ್ಪ" ಎಂದರು. ಒಳಗೆ ಸಮಿತಿಯ ಪಾಸ್‌ಬುಕ್, ಪೈಪಿನ ಬಿಲ್ಲುಗಳು, ಕೂಲಿಯವರ ಹೆಬ್ಬೆಟ್ಟು ಇದ್ದ ಹಾಳೆಗಳು. ಹಣ ಪಂಚಾಯಿತಿಯ ಪುಸ್ತಕಕ್ಕೆ ಹೋಗದೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಖಾತೆಯಲ್ಲಿ ಓಡಾಡಿತ್ತು. ಮೂರು ಕಂತು, ಮೂರೂ ನನ್ನ ಪಟ್ಟಿಯ ಮೊತ್ತಗಳೇ, ರೂಪಾಯಿ ರೂಪಾಯಿಗೆ. ಅಲ್ಲೇ ಜಗಲಿಯ ಮೇಲೆ ಕೂತು ಅಷ್ಟನ್ನೂ ಕೈಯಿಂದ ಬರೆದುಕೊಂಡೆ.

ಉಳಿದ ಊರುಗಳಲ್ಲಿ ಆಮೇಲೆ ಮೊದಲು ಹೋದದ್ದು ಸಮಿತಿಯವರ ಮನೆಗೇ. ಈಗ ಕೆರೆ ಯೋಜನೆಯ ಲೆಕ್ಕ ಹಿಡಿದಿದ್ದೇನೆ. ಕೆರೆ ಬಳಕೆದಾರರ ಸಂಘಗಳ ಹನ್ನೊಂದು ಪಾಸ್‌ಬುಕ್‌ಗಳು ಕೈಸೇರಿವೆ, ಎರಡಕ್ಕೆ ಗೆದ್ದಲು ಹತ್ತಿದೆ.